ಕೊಳವೆಯ ಒಳಗಿನ ಮಸಿ

2009ನೇ ಇಸವಿ ಜನವರಿ 16, ಶುಕ್ರವಾರ, ಬೆಳಿಗ್ಗೆ ಒಂಬತ್ತೂಕಾಲು ಗಂಟೆ. ಡೆಲ್ಬರ್ಟ್ ಹಾಗೆನ್ ತನ್ನ ಗಾಡಿಮನೆಯಿಂದಿಳಿದು, ಸಲಕರಣೆ ಪೆಟ್ಟಿಗೆ ಹಿಡಿದುಕೊಂಡು ನೆರೆಯ ಮರ್ನಾ ಸ್ಟಾಡ್ಲರಳ ಗಾಡಿಮನೆಯ ಕಡೆ ನಡೆದ. ಮಧ್ಯಾಹ್ನದ ಹೊತ್ತಿಗೆ ಮರ್ನಾಳ ಮಗಳು ರೋಂಡಾ ಒಮಾಹಾದಿಂದ ಬಂದು ಇಳಿಯುವವಳಿದ್ದಳು. ಭಾನುವಾರ ತಾಯಿಯನ್ನು ಕರೆದುಕೊಂಡು ವಾಪಸು ಹೊರಡುವವಳು. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ಒಂದು ಕೋಣೆ ಗೊತ್ತಾಗಿತ್ತು. ಗಾಡಿಮನೆ ಮಾರಾಟಕ್ಕೆ. ಅದನ್ನು ಗುಡಿಸಿ, ಸಡಿಲವಾದದ್ದನ್ನು ಬಿಗಿಮಾಡಿ, ಕೊಳ್ಳುವವರ ಕಣ್ಣಿಗೆ ಒಪ್ಪುವ ಹಾಗೆ ಮಾಡಿಕೊಡಿ ಎಂದು ರೋಂಡಾ ಫೋನಿನಲ್ಲಿ ಕೇಳಿಕೊಂಡಿದ್ದಳು. ಡೆಲ್ಬರ್ಟ್ ಒಪ್ಪಿದ್ದ. ಬೇರೆ ದಾರಿಯೂ ಇರಲಿಲ್ಲ. ಹೊಸವರ್ಷದ ಮಾರನೆಯ ವಾರ ರೋಂಡಾಳಿಗೆ ಫೋನ್ ಮಾಡಿ, "ನಿಮ್ಮಮ್ಮನ ತಲೆ ನೆಟ್ಟಗೆ ಕೆಲಸ ಮಾಡ್ತಿಲ್ಲ, ಇನ್ನು ಒಂಟಿಯಾಗಿ ಬಿಡೋ ಹಾಗಿಲ್ಲ" ಎಂದವನು ಅವನೇ.

ಮರ್ನಾ ಹೊರಗೆ, ಗಾಡಿಯ ಬಟ್ಟೆ ಸೂರಿನ ನೆರಳಲ್ಲಿ, ಮಡಚುವ ಕುರ್ಚಿಯ ಮೇಲೆ ಕೂತು ಪದಬಂಧ ತುಂಬುತ್ತಿದ್ದಳು. ಪೆನ್ನಿನಲ್ಲಿ. ಪೆನ್ಸಿಲ್ ಇರುವುದು ಪುಕ್ಕಲರಿಗೆ ಎನ್ನುವುದು ಅವಳ ವಾದ. ಎಪ್ಪತ್ತನಾಲ್ಕರ ಹೆಂಗಸು, ನೆಬ್ರಾಸ್ಕಾದ ಹಳ್ಳಿರಸ್ತೆಗಳಲ್ಲಿ ಬಹಳ ವರ್ಷ ಶಾಲೆಯ ಬಸ್ಸು ಓಡಿಸಿದವಳು. ಗಂಡ ವಾಲ್ಟ್ ತೀರಿಕೊಂಡು ಎರಡು ವರ್ಷವಾದ ಮೇಲೂ ಚಳಿಗಾಲ ಬಂತೆಂದರೆ ಆ ಉದ್ದನೆಯ ಗಾಡಿಯನ್ನು ತಾನೇ ಓಡಿಸಿಕೊಂಡು ಚಳಿ ತಪ್ಪಿಸಿಕೊಳ್ಳುವವರು ಗಾಡಿಮನೆಗಳಲ್ಲಿ ಬಂದು ಬೀಡುಬಿಡುವ ಅರಿಜೋನಾದ ಈ ಕಲ್ಲುಬಯಲಿಗೆ ಬರುತ್ತಿದ್ದಳು.

"ಬಾರಪ್ಪಾ, ಹೆಣಕ್ಕೆ ಸಿಂಗಾರ ಮಾಡೋಕೆ ಬಂದ್ಯಾ?" ಎಂದಳು, ತಲೆ ಎತ್ತದೆ.

"ಮರ್ನಾ, ಏನ್ ಮಾತಾಡ್ತೀಯ."

"ಗಾಡಿ ವಿಷಯ ಹೇಳ್ದೆ ಕಣೋ, ನಂದಲ್ಲ. ಕಾಫಿ ಒಲೆ ಮೇಲಿದೆ, ಬಗ್ಗಿಸ್ಕೊ. ಒಲೆ ಆರಿಸಿದೀನಿ. ಬೇಕಾದ್ರೆ ಒಂದ್ಸಲ ಮುಟ್ಟಿ ನೋಡು. ಈಗೀಗ ನನ್ನ ಹಿಂದೆ ಮುಟ್ಟಿ ನೋಡೋರೇ ಜಾಸ್ತಿ."

ಡೆಲ್ಬರ್ಟ್ ಒಳಗೆ ಹೋದ. ಒಲೆ ಆರಿತ್ತು. ಅವನು ನಿಜವಾಗಿಯೂ ಮುಟ್ಟಿ ನೋಡಿದ್ದ; ಅದು ಅವನಿಗೇ ನಾಚಿಕೆ ತಂದಿತು.

ಫೋನ್ ಮಾಡಿದ್ದು ಸುಮ್ಮನೆ ಅಲ್ಲ. ಡಿಸೆಂಬರಿನಲ್ಲಿ ಒಂದು ಸಂಜೆ ಮರ್ನಾ ಬಾಣಲೆಯನ್ನು ಉರಿಯ ಮೇಲೆ ಬಿಟ್ಟು ಕುರ್ಚಿಯಲ್ಲಿ ಕೂತೇ ಇದ್ದಳು. ಹೊಗೆ ಕಂಡು ಐರಿಸ್ ಓಡಿಹೋಗಿ ಆರಿಸಿದ್ದಳು. ಐರಿಸ್ ಎಂದರೆ ಡೆಲ್ಬರ್ಟನ ಹೆಂಡತಿ. ಇನ್ನೊಂದು ಸಂಜೆ ಮರ್ನಾ ಗಾಡಿಯ ಮೆಟ್ಟಿಲಿಳಿಯುತ್ತ ಮುಗ್ಗರಿಸಿ ಬಿದ್ದಳು. ಮಂಗಳವಾರ ಸಂಜೆ ಅವಳ ಮನೆಯಲ್ಲೇ ನಡೆಯುವ ಇಸ್ಪೀಟಿನಲ್ಲಿ ಯಾರಿಗೂ ಸೋಲದವಳು ತುರುಪು ಯಾವುದೆಂದೇ ಮರೆಯತೊಡಗಿದಳು. ಕ್ರಿಸ್‌ಮಸ್ ಕಳೆದ ಮೇಲೆ ಹಾಗೇ ಆಡುತ್ತ ಕೂತಿದ್ದಾಗ ಎಲೆಗಳನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನೋಡಿ, "ವಾಲ್ಟ್ ನೀರು ತರೋಕೆ ಹೋದೋನು ಇನ್ನೂ ಬರಲೇ ಇಲ್ವಲ್ಲ" ಎಂದಳು. ಡೆಲ್ಬರ್ಟ್, ಐರಿಸ್ ಮುಖ ಮುಖ ನೋಡಿಕೊಂಡರು. ಆ ಮಾತು ಕೇಳಿದ ಮೇಲೆಯೇ ಡೆಲ್ಬರ್ಟ್ ರೋಂಡಾಳ ನಂಬರು ಹುಡುಕಿದ್ದು. ಹತ್ತಿರದ ಬ್ಲೈದ್ ಊರಿನ ವೈದ್ಯರು ಮರ್ನಾಳನ್ನು ಒಂದು ಬೆಳಿಗ್ಗೆ ಪರೀಕ್ಷಿಸಿ, ರಕ್ತದಲ್ಲಿ ಏನೂ ತೊಂದರೆ ಕಾಣುತ್ತಿಲ್ಲ, ವಯಸ್ಸಿನದೇ ಇರಬೇಕು ಎಂದಿದ್ದರು.

ಡೆಲ್ಬರ್ಟ್ ಮೊದಲು ವ್ಯಾಕ್ಯೂಮ್ ಹಾಕೋಣ ಎಂದುಕೊಂಡ. ಅದಕ್ಕೆ ಕರೆಂಟು ಬೇಕು, ಕರೆಂಟಿಗೆ ಜನರೇಟರ್ ಬೇಕು. ತಂತಿ ಕಂಬವಿಲ್ಲದ ಈ ಬಯಲಲ್ಲಿ ಸಂಜೆ ಐದರಿಂದ ಏಳು ಜನರೇಟರಿನ ಹೊತ್ತು. ಬರೆದಿಟ್ಟ ಕಾನೂನಲ್ಲ, ಆದರೆ ಮೀರುವವರಿಲ್ಲ. ಐದಾಯಿತೆಂದರೆ ಬಯಲಿಗೆ ಬಯಲೇ ಗುರುಗುಟ್ಟತೊಡಗುತ್ತದೆ. ಅಡುಗೆ, ಟಿವಿ, ಬ್ಯಾಟರಿ ತುಂಬಿಸುವುದು ಎಲ್ಲವೂ ಆಗಲೇ. ಬೆಳಿಗ್ಗೆ ಹೊತ್ತು ಯಾರಾದರೂ ಶುರುಮಾಡಿದರೆ ನೆರೆಯವರು ಕಾಫಿ ಲೋಟ ಹಿಡಿದುಕೊಂಡೇ ಬಂದು ಎದುರು ನಿಲ್ಲುತ್ತಾರೆ. ಡೆಲ್ಬರ್ಟ್ ಎರಡೂ ಪಕ್ಕದವರನ್ನು ಕೇಳಿ, ಬಾಗಿಲು ಕಿಟಕಿ ತೆರೆದಿಟ್ಟು, ಮರ್ನಾಳ ಜನರೇಟರ್ ಹಾಕಿದ.

1984ರಲ್ಲಿ ಆ ಗಾಡಿ ಕಟ್ಟಿದವರು ವ್ಯಾಕ್ಯೂಮನ್ನು ಬಟ್ಟೆಬೀರುವಿನ ಬುಡದಲ್ಲಿ ಹುದುಗಿಸಿಟ್ಟಿದ್ದರು. ಮೋಟಾರು, ಧೂಳು ತುಂಬುವ ಕಾಗದದ ಚೀಲ ಎಲ್ಲವೂ ಹಲಗೆಯ ಹಿಂದೆ. ಹೊರಗೆ ಕಾಣುವುದು ಗೋಡೆಯ ಕೆಳಭಾಗದಲ್ಲಿ, ಮುಚ್ಚಳವಿರುವ ಒಂದು ದುಂಡನೆಯ ಬಾಯಿ. ಅದಕ್ಕೆ ಉದ್ದನೆಯ ಮೆದುಕೊಳವೆ ಸಿಕ್ಕಿಸಿ, ಪಕ್ಕದ ಗುಂಡಿ ಒತ್ತಿದರೆ ಗಾಡಿಯ ಈ ತುದಿಯಿಂದ ಆ ತುದಿಯವರೆಗೆ ಗುಡಿಸಬಹುದು. ವಾಲ್ಟನಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಹೊಸಬರು ಮನೆಗೆ ಬಂದರೆ ಜಮಖಾನೆಯ ಮೇಲೆ ಒಂದು ಹಿಡಿ ಕಾರ್ನ್‌ಫ್ಲೇಕ್ಸ್ ಚೆಲ್ಲಿ, ಅದನ್ನು ಎಳೆದು ತೋರಿಸಿಯೇ ಕುರ್ಚಿ ಕೊಡುತ್ತಿದ್ದ.

ಅದಕ್ಕೆ ಒಂದು ದೋಷವಿತ್ತು. ಎಳೆದ ಗಾಳಿಯನ್ನು ಚೀಲದ ಮೂಲಕ ಸೋಸಿ ಮತ್ತೆ ಮನೆಯೊಳಗೇ ಬಿಡುತ್ತಿತ್ತು. ಈ ಬಯಲಿನ ನುಣುಪು ಧೂಳು ಕಾಗದದ ಚೀಲದಲ್ಲಿ ನಿಲ್ಲುವುದಿಲ್ಲ. ಗುಡಿಸಿದ ದಿನವೆಲ್ಲ ಮರ್ನಾಳಿಗೆ ಸೀನು, ಕೆಮ್ಮು. ಡೆಲ್ಬರ್ಟ್ ಉತ್ತರ ಡಕೋಟಾದ ನಗರವೊಂದರ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞನಾಗಿ ನಿವೃತ್ತನಾದವನು. ಇಂಥ ವಿಷಯಗಳಲ್ಲಿ ಸುಮ್ಮನಿರುವ ಜಾಯಮಾನ ಅವನದಲ್ಲ. "ಊದೋ ಗಾಳಿನ ಹೊರಕ್ಕೆ ಬಿಟ್ರೆ ಆಯ್ತಲ್ಲ" ಎಂದು ನವೆಂಬರಿನಲ್ಲಿ ಬೀರುವಿನ ತಳದಲ್ಲಿ ಒಂದು ಗೇಣಿಗಿಂತ ಚಿಕ್ಕದಾದ ತೂತು ಕೊರೆದು, ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಕೊಳವೆಯೊಂದನ್ನು ಮೋಟಾರಿನಿಂದ ಗಾಡಿಯ ತಳಕ್ಕೆ ಇಳಿಸಿದ್ದ. ಸೀನು ನಿಂತಿತು. ಮರ್ನಾ ಅವತ್ತು ಆಪಲ್ ಪೈ ಮಾಡಿ ಕಳಿಸಿದ್ದಳು. ಆ ಬಯಲಲ್ಲಿ ಯಾರ ಗಾಡಿಯಲ್ಲಿ ಏನು ಕೆಟ್ಟರೂ "ಹಾಗೆನ್‌ನ ಕರೀರಿ" ಎನ್ನುವ ಮಾತು ಆಗ ಇನ್ನಷ್ಟು ಗಟ್ಟಿಯಾಗಿತ್ತು.

ಮೆದುಕೊಳವೆ ಎಂದಿನಂತೆ ಗೋಡೆಯ ಬಾಯಿಗೆ ಸಿಕ್ಕಿಸಿಯೇ ಇತ್ತು. ಮರ್ನಾಳಿಗೆ ಮಂಡಿನೋವು, ಪ್ರತಿಸಲ ಬಗ್ಗಿ ತೆಗೆಯಲಾಗದೆ ಅದನ್ನು ಊಟದ ಮೇಜಿನ ಕೆಳಗೆ ಸುರುಳಿ ಸುತ್ತಿ ಬಿಟ್ಟಿರುತ್ತಿದ್ದಳು. ಡೆಲ್ಬರ್ಟ್ ಗುಂಡಿ ಒತ್ತಿ ಒಂದು ಸುತ್ತು ಗುಡಿಸಿದ. ಎಳೆತ ಸ್ವಲ್ಪ ಕಡಿಮೆ ಅನ್ನಿಸಿತು. ಕೆಳಗಿನ ಕೊಳವೆ ಎಲ್ಲಾದರೂ ಮಡಚಿಕೊಂಡಿರಬಹುದು ಎಂದು ಮೋಟಾರು ನಿಲ್ಲಿಸಿ, ಹೊರಗೆ ಬಂದು, ಟಾರ್ಚು ಹಿಡಿದು ಗಾಡಿಯಡಿಗೆ ತೆವಳಿದ.

ಕೊಳವೆ ಮಡಚಿರಲಿಲ್ಲ. ಅದರ ಬಾಯಿ ಕಪ್ಪಾಗಿತ್ತು.

ಅವನು ಬೆರಳು ಹಾಕಿ ನೋಡಿದ. ಹೊರಮೈ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಕಪ್ಪು ಇದ್ದದ್ದು ಒಳಮೈಯಲ್ಲಿ. ವ್ಯಾಕ್ಯೂಮಿನ ಗಾಳಿ ಹೊರಗೆ ತಳ್ಳುವುದು ಬೂದುಬಣ್ಣದ, ಒಣ ಧೂಳನ್ನು. ಇದು ಜಿಡ್ಡು ಜಿಡ್ಡಾದ ಮಸಿ. ಬೆರಳು ಎಟಕುವಷ್ಟು ಒಳಕ್ಕೂ ಇತ್ತು. ಹೊರಕ್ಕೆ ಮಾತ್ರ ಗಾಳಿ ಹೋಗಬೇಕಾದ ಕೊಳವೆಯ ಒಳಮೈಗೆ ಮಸಿ ಹತ್ತಬೇಕಾದರೆ ಗಾಳಿ ಹೊರಗಿನಿಂದ ಒಳಕ್ಕೆ ಬಂದಿರಬೇಕು.

ಟಾರ್ಚನ್ನು ಪಕ್ಕಕ್ಕೆ ತಿರುಗಿಸಿದ. ಗಾಡಿಯಡಿಯಲ್ಲೇ ಕೂರಿಸಿದ್ದ ಜನರೇಟರಿನ ಹೊಗೆಯ ಪೈಪು ಗಾಡಿಯ ಅಂಚಿನವರೆಗೆ ಹೋಗಿ ಆಚೆಗೆ ಉಗುಳಬೇಕಾದದ್ದು, ನಡುವೆ ತುಕ್ಕು ಹಿಡಿದು ಮುರಿದಿತ್ತು. ಉಳಿದ ಮೋಟುತುದಿ ಅವನ ಕೊಳವೆಯ ಬಾಯಿಗೆ ಒಂದು ಮೊಳವೂ ದೂರವಿರಲಿಲ್ಲ. ಜನರೇಟರ್ ಓಡುತ್ತಲೇ ಇತ್ತು. ತೆಳ್ಳನೆಯ ನೀಲಿ ಹೊಗೆ ಮೋಟುತುದಿಯಿಂದ ಹೊರಟು, ಗಾಡಿಯ ತಳಕ್ಕೆ ತಗುಲಿ, ಅವನ ಕೊಳವೆಯ ಬಾಯಿಯ ಸುತ್ತ ಸುಳಿಯುತ್ತಿತ್ತು. ನವೆಂಬರಿನಲ್ಲಿ ಆ ಪೈಪು ಮುರಿದಿತ್ತೋ, ಆಮೇಲೆ ಮುರಿಯಿತೋ ಅವನಿಗೆ ಗೊತ್ತಿರಲಿಲ್ಲ. ಅವತ್ತು ತನ್ನ ಗಾಡಿಯಿಂದ ತಂತಿ ಎಳೆದು ಕರೆಂಟು ಕೊಟ್ಟಿದ್ದ. ಇವಳ ಜನರೇಟರ್ ಹಾಕಿಯೇ ಇರಲಿಲ್ಲ, ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಉಳಿದದ್ದೆಲ್ಲ ಮಲಗಿದಲ್ಲಿಯೇ, ಒಂದರ ಹಿಂದೆ ಒಂದು, ತಾನಾಗಿ ಬಂತು. ಸಂಜೆ ಚಳಿಗೆ ಮರ್ನಾ ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಾಳೆ. ಜನರೇಟರ್ ಹಾಕುತ್ತಾಳೆ. ಅಡುಗೆಗೆಂದು ಒಲೆಯ ಮೇಲಿನ ಫ್ಯಾನು ಹಾಕುತ್ತಾಳೆ. ಅದು ಒಳಗಿನ ಗಾಳಿಯನ್ನು ಹೊರಗೆ ನೂಕುತ್ತದೆ. ನೂಕಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಎಲ್ಲ ಸಂದು ಮುಚ್ಚಿದ ಮನೆಯಲ್ಲಿ ತೆರೆದಿರುವುದು ಒಂದೇ ದಾರಿ: ಅವನು ಕೊರೆದ ತೂತು, ಸುಮ್ಮನಿರುವ ಮೋಟಾರು, ಚೀಲ, ಗೋಡೆಗೆ ಸಿಕ್ಕಿಸಿಯೇ ಇರುವ ಮೆದುಕೊಳವೆ. ಕೊಳವೆಯ ತುದಿ ಅವಳು ಕೂರುವ ಮೇಜಿನಡಿ. ಮಸಿಯನ್ನು ಚೀಲ ಹಿಡಿದುಕೊಳ್ಳುತ್ತದೆ, ವಾಸನೆಯನ್ನೂ ಅಷ್ಟಿಷ್ಟು. ಆದರೆ ಹೊಗೆಯಲ್ಲಿರುವ, ತಲೆ ಮಂಕುಮಾಡುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡನ್ನು ಯಾವ ಚೀಲವೂ ಹಿಡಿಯುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿ ಕಳೆದರೆ ರಕ್ತದಿಂದ ಅದು ಬಹುಪಾಲು ಹೊರಟುಹೋಗುತ್ತದೆ. ಬೆಳಿಗ್ಗೆ ಪರೀಕ್ಷಿಸಿದ ವೈದ್ಯರಿಗೆ ಏನು ಕಾಣಬೇಕು? ಬಾಣಲೆ ಸುಟ್ಟದ್ದು ಸಂಜೆ. ಬಿದ್ದದ್ದು ಸಂಜೆ. ವಾಲ್ಟನನ್ನು ಕೇಳಿದ್ದು ಸಂಜೆ. ಒಂದೇ ಒಂದು ತಪ್ಪೂ ಬೆಳಿಗ್ಗೆಯದಲ್ಲ.

ಈ ವಿಷಗಾಳಿ ಸೇರಿದರೆ ಕೂಗಬೇಕಾದ ಎಚ್ಚರಿಕೆಯ ಗಂಟೆಯೊಂದು ಗೋಡೆಯಲ್ಲಿ ಇತ್ತಲ್ಲ? ಇತ್ತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮರುವಾರ ಅದು ಬಿಟ್ಟೂ ಬಿಟ್ಟೂ ಚಿಂವ್ ಎನ್ನತೊಡಗಿ, "ಈ ಗುಬ್ಬಿ ಕಾಟ ತಪ್ಸು ಮಾರಾಯಾ" ಎಂದು ಮರ್ನಾ ಕೇಳಿ, ಅದರ ಆಯುಷ್ಯ ಮುಗಿದಿದೆ, ಹೊಸದು ತಂದು ಹಾಕುತ್ತೇನೆ ಎಂದು ಹೇಳಿ ಕಿತ್ತವನು ಡೆಲ್ಬರ್ಟ್. ಹೊಸದು ತರಲು ಅವನು ಮರೆತಿದ್ದ.

ಮುಂದೆ ಮಾಡಿದ್ದನ್ನು ಅವನು ಎಷ್ಟು ಸಲ ನೆನೆಸಿಕೊಂಡರೂ ಅದಕ್ಕೊಂದು ಒಳ್ಳೆಯ ಕಾರಣ ಸಿಗಲಿಲ್ಲ. ಜೇಬಿನಿಂದ ಬಟ್ಟೆಚೂರು ತೆಗೆದು, ಕೊಳವೆಯ ಬಾಯನ್ನು ಒರೆಸಿದ. ತುದಿ ಮೊದಲು, ಆಮೇಲೆ ಬೆರಳು ಹೋಗುವಷ್ಟು ಒಳಗೆ, ಸುತ್ತಲೂ, ಅಲ್ಯೂಮಿನಿಯಂ ಮತ್ತೆ ಹೊಳೆಯುವವರೆಗೆ. ಪ್ರಯೋಗಾಲಯದಲ್ಲಿ ಕಲೆ ಕಂಡರೆ ಗುರುತು ಹಾಕಿಕೊಳ್ಳುವ ಮೊದಲು ಯಾರೂ ಮುಟ್ಟಬಾರದೆಂದು ಕಿರಿಯರಿಗೆ ಬೈದು ಬೈದು ಹೇಳಿಕೊಟ್ಟವನು ಅವನು. ಅಭ್ಯಾಸಬಲ ಎನ್ನುವ ಹಾಗಿರಲಿಲ್ಲ. ಅಭ್ಯಾಸ ಅದಕ್ಕೆ ವಿರುದ್ಧವಾಗಿತ್ತು. ಕೊನೆಗೆ ಬಟ್ಟೆಯನ್ನು ಉಂಡೆಮಾಡಿ ಕೊಳವೆಯೊಳಗೆ ಗಿಡಿದು, ತೆವಳಿ ಈಚೆ ಬಂದು, ಜನರೇಟರ್ ಆರಿಸಿದ.

"ಏನೋ, ಮುಖ ಹೀಗಾಗಿದೆ? ಕೆಳಗೆ ಹಾವಿತ್ತಾ?" ಎಂದಳು ಮರ್ನಾ.

"ಬೆನ್ನು ಹಿಡ್ಕೊಂಡಿತು."

"ವಯಸ್ಸಾಯ್ತು ನಿಂಗೆ. ರೋಂಡಾಗೆ ಹೇಳಿ ನಿಂಗೂ ಒಂದು ಕೋಣೆ ಗೊತ್ತು ಮಾಡಿಸ್ಲಾ?"

ಡೆಲ್ಬರ್ಟ್ ನಗಲು ಯತ್ನಿಸಿ, ಸಲಕರಣೆ ಪೆಟ್ಟಿಗೆಯನ್ನು ಅಲ್ಲೇ ಮರೆತು ಮನೆಗೆ ಬಂದ.

ಐರಿಸ್ ಟೊಮೆಟೊ ಸೂಪು ಬಿಸಿಮಾಡಿ, ಚೀಸ್ ಇಟ್ಟ ಬ್ರೆಡ್ಡು ಕಾಯಿಸಿದ್ದಳು. ಅವನು ಸೂಪಿನಲ್ಲಿ ಚಮಚ ತಿರುಗಿಸುತ್ತಲೇ ಕೂತ.

"ಅದ್ರಲ್ಲಿ ಬೆಣ್ಣೆ ಬರಲ್ಲ, ಕಡೆಯೋದು ನಿಲ್ಸು" ಎಂದಳು ಐರಿಸ್. "ಏನಾಯ್ತು ಹೇಳು."

ಅವನು ಹೇಳಿದ. ಒರೆಸಿದ್ದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಐರಿಸ್ ತನ್ನ ಚಮಚ ಕೆಳಗಿಟ್ಟಳು.

"ಮಂಗಳವಾರ ಮಂಗಳವಾರ ನಂಗೆ ತಲೆನೋವು ಬರ್ತಿತ್ತು. ಅವಳು ಚಿಲ್ಲಿ ಸಾರಿಗೆ ಹಾಕೋ ಜೀರಿಗೆ ಜಾಸ್ತಿ ಆಯ್ತು ಅಂತ ನಾನು. ಇಸ್ಪೀಟಲ್ಲಿ ಸೋತಿದ್ದಕ್ಕೆ ನಿಂಗೆ ತಲೆನೋವು ಅಂತ ನೀನು. ಜ್ಞಾಪಕ ಇದ್ಯಾ?"

"ಇದೆ."

"ಇಷ್ಟೆಲ್ಲಾ ಓದಿದೋನು, ನಿಂಗೆ ಹೊಳೀಲೇ ಇಲ್ವಾ?"

"ಮುರಿದ ಪೈಪು ಈಗ್ಲೇ ತೆಗೀಬಹುದು" ಎಂದ ಡೆಲ್ಬರ್ಟ್. "ತೂತು ಮುಚ್ಚಿಬಿಡ್ತೀನಿ. ಇವತ್ತು ಸಂಜೆಯಿಂದ್ಲೇ ಅವಳಿಗೆ ಸರಿಹೋಗುತ್ತೆ. ಪೂರ್ತಿ ಸರಿಹೋಗುತ್ತೆ ಅಂತ ಖಂಡಿತ ಹೇಳಕ್ಕಾಗಲ್ಲ, ಎರಡು ತಿಂಗಳಾಗಿದೆ. ಆದ್ರೂ ಬಹುಪಾಲು."

"ಆಮೇಲೆ?"

"ಆಮೇಲೆ ಏನು?"

"ಆಮೇಲೆ ಅವಳು ಒಮಾಹಾಗೆ ಹೋಗ್ತಾಳೆ. ಅಲ್ಲಿ ಹುಷಾರಾಗ್ತಾಳೆ. ಹುಷಾರಾಗಿ ಆ ಕೋಣೇಲಿ ಕೂತ್ಕೊಂಡು ಸಾಯೋವರೆಗೆ ಕಿಟಕಿ ನೋಡ್ತಾಳೆ. ರೋಂಡಾ ನಿಂಗೆ ಕ್ರಿಸ್‌ಮಸ್‌ಗೆ ಕಾರ್ಡು ಕಳಿಸ್ತಾಳೆ, ನೀವು ಫೋನ್ ಮಾಡಿದ್ದಕ್ಕೆ ಅಮ್ಮ ಉಳಿದಳು ಅಂತ. ಗೋಡೆಗೆ ಅಂಟಿಸ್ತೀಯಾ ಅದನ್ನ?"

ಡೆಲ್ಬರ್ಟ್ ಬಟ್ಟಲನ್ನು ಆಚೆ ಸರಿಸಿದ. ಅವನು ಗಾಡಿಯಡಿಯಲ್ಲಿ ಮಲಗಿದ್ದಾಗ ಯೋಚಿಸಿದ್ದೂ ಅದೇ ಕಾರ್ಡನ್ನೇ. ಬೇರೆ ರೀತಿಯಲ್ಲಿ. ತಾನು ಬಾಯಿಬಿಡದಿದ್ದರೆ ಯಾರಿಗೂ ನಷ್ಟವಿಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿತ್ತು.

"ನಾನು ಮಸಿ ಒರೆಸಿಬಿಟ್ಟೆ" ಎಂದ.

"ಏನು?"

"ಕೊಳವೆಯೊಳಗಿನ ಮಸಿ. ಒರೆಸಿಬಿಟ್ಟೆ."

ಐರಿಸ್ ಅವನ ಮುಖವನ್ನೇ ನೋಡಿದಳು. ನಲವತ್ತಾರು ವರ್ಷ ಜೊತೆಗೆ ಬಾಳಿದವಳು. ಅವನಲ್ಲಿ ಇದೊಂದು ಇದೆಯೆಂದು ಅವಳಿಗೆ ಈಗ ಗೊತ್ತಾದ ಹಾಗಿತ್ತು. ಬೈಯಲಿಲ್ಲ. ಎದ್ದು, ಅವನು ಕುಡಿಯದ ಸೂಪನ್ನು ಪಾತ್ರೆಗೆ ಸುರಿದು, "ಕೋಟು ಹಾಕ್ಕೊ. ನಾನೂ ಬರ್ತೀನಿ" ಎಂದಳು.

ಅವರು ಹೋಗುವಷ್ಟರಲ್ಲಿ ರೋಂಡಾಳ ಬಾಡಿಗೆ ಕಾರು ಬಂದು ನಿಂತಿತ್ತು. ಐವತ್ತರ ಹತ್ತಿರದ, ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಡೆಲ್ಬರ್ಟನನ್ನು ಕಂಡದ್ದೇ ಅವನ ಎರಡೂ ಕೈ ಹಿಡಿದುಕೊಂಡಳು.

"ಹಾಗೆನ್ ಅವ್ರೇ, ನಿಮ್ಮ ಋಣ ತೀರಿಸೋಕೆ ಆಗಲ್ಲ. ನೀವು ಫೋನ್ ಮಾಡದೆ ಇದ್ದಿದ್ರೆ ಅಮ್ಮ ಈ ಗಾಡಿ ಸಮೇತ ಸುಟ್ಟುಹೋಗ್ತಿದ್ಲು. ದೇವರ ಥರ ಬಂದ್ರಿ."

"ದೇವರು ಇವನಿಗಿಂತ ಬೇಗ ಗುಡಿಸ್ತಿದ್ದ" ಎಂದಳು ಮರ್ನಾ ಕುರ್ಚಿಯಿಂದ. "ಅರ್ಧ ಕೆಲಸಕ್ಕೇ ಬೆನ್ನುನೋವು ಅಂತ ಓಡಿಹೋದ."

ಡೆಲ್ಬರ್ಟ್ ಕೈ ಬಿಡಿಸಿಕೊಂಡ. ನಿಂತೇ ಹೇಳಿದ. ತೂತು ಕೊರೆದದ್ದು, ಮುರಿದ ಪೈಪು, ಫ್ಯಾನು, ಮೇಜಿನಡಿಯ ಕೊಳವೆ, ಕಿತ್ತ ಗಂಟೆ. ಎಲ್ಲವನ್ನೂ ಕ್ರಮವಾಗಿ, ವರದಿ ಒಪ್ಪಿಸುವವನ ಹಾಗೆ. ಆ ಕ್ರಮವೇ ತನಗೆ ಮರೆ ಎಂದು ಹೇಳುವಾಗಲೇ ಅವನಿಗೆ ತಿಳಿಯುತ್ತಿತ್ತು. ಹೇಳಿ ಮುಗಿಸಿದಾಗ ಮೊದಲು ಮಾತಾಡಿದವಳು ಮರ್ನಾ. ದನಿ ತಗ್ಗಿತ್ತು.

"ಅಂದ್ರೆ ನಂಗೆ ಅರಳುಮರಳು ಆಗ್ತಿಲ್ವಾ?"

"ಇಲ್ಲ ಅಂತ ಅಂದ್ಕೋತೀನಿ."

"ದಿನಾ ಬೆಳಿಗ್ಗೆ ಎದ್ದು ನನ್ನ ಬಸ್ಸಿನ ನಿಲ್ದಾಣ ಎಲ್ಲಾ ಒಂದ್ಸಲ ಹೇಳ್ಕೋತಿದ್ದೆ ಕಣೋ. ಎಲ್ಲಿ ಯಾವ ಮಗು ಹತ್ತುತ್ತೆ ಅಂತ. ಹೆಸರು ಹಿಡಿದು. ಬೆಳಿಗ್ಗೆ ಎಲ್ಲಾ ಮಕ್ಕಳೂ ಹತ್ತೋರು. ಸಂಜೆ ಮತ್ತೆ ಹೇಳೋಕೆ ಹೋದ್ರೆ ಅರ್ಧ ಬಸ್ಸು ಖಾಲಿ. ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಕೋಣೆಗೆ ಹಾಕ್ತೀರ ಅಂತ." ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. "ನನ್ನ ಮನೆಗೆ ತೂತು ಕೊರೆದೋನೂ ನೀನೇ. ನನ್ನ ತಲೆ ತೂತಾಗಿದೆ ಅಂತ ನನ್ನ ಮಗಳಿಗೆ ಫೋನ್ ಮಾಡಿದೋನೂ ನೀನೇ."



ರೋಂಡಾ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಅವಳ ಮುಖ ನಿಧಾನವಾಗಿ ಗಟ್ಟಿಯಾಯಿತು. "ಅಮ್ಮ ನಿಮ್ಮ ಹತ್ರ ಅತ್ತಳು ಅಲ್ವಾ? ಹೋಗಲ್ಲ ಅಂತ ಕಾಡಿದಳು. ನಿಮಗೂ ಕರುಳು ಚುರುಕ್ ಅಂತು, ಒಂದು ಕತೆ ಕಟ್ಟಿದ್ರಿ. ಹಾಗೆನ್ ಅವ್ರೇ, ನಾನು ಕೆಲಸಕ್ಕೆ ರಜಾ ಹಾಕಿ ಬಂದಿದೀನಿ, ಇಬ್ಬರು ಡಾಕ್ಟರ ಹತ್ರ ಮಾತಾಡಿದೀನಿ. ಎಲ್ಲಿದೆ ಆ ಮಸಿ? ತೋರಿಸಿ, ನೋಡ್ತೀನಿ."

"ಇಲ್ಲ. ಒರೆಸಿಬಿಟ್ಟೆ."

"ಯಾಕೆ?"

"ನೀವು ನೋಡಬಾರದು ಅಂತ" ಎಂದ ಡೆಲ್ಬರ್ಟ್. ಬೆಳಗಿನಿಂದ ತಡಕುತ್ತಿದ್ದ ಕಾರಣ ಅದೇ ಆಗಿತ್ತು. ಬಾಯಿಂದ ಬಂದ ಮೇಲೆ ಅವನಿಗೂ ಕೇಳಿಸಿತು.

ಐರಿಸ್ ನೆಲ ನೋಡಿದಳು.

"ಒರೆಸಿದ ಬಟ್ಟೆ ಇದೆ, ಕೊಳವೆಗೆ ಗಿಡಿದಿದೀನಿ. ಅದು ಸಾಕ್ಷಿ ಆಗಲ್ಲ, ನನ್ನ ಬಟ್ಟೆಗಳೆಲ್ಲಾ ಹಾಗೇ ಇರ್ತಾವೆ" ಎಂದ ಅವನು. "ನನ್ನ ಮಾತು ನಂಬಬೇಡಿ. ಅಳೆದು ನೋಡೋಣ. ಸಂಜೆ ಐದಕ್ಕೆ ಇಲ್ಲಿ ಎಲ್ಲರೂ ಜನರೇಟರ್ ಹಾಕ್ತಾರೆ."

ರೋಂಡಾ ತಾನೇ ಕಾರು ತೆಗೆದುಕೊಂಡು ಹತ್ತಿರದ ಪೇಟೆ ಕ್ವಾರ್ಟ್ಸೈಟಿಗೆ ಹೋದಳು. ಅವನು ತಂದದ್ದನ್ನು ನಂಬುವುದಿಲ್ಲ ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಅಂಕಿ ತೋರಿಸುವ ಒಂದು ಗಂಟೆಪೆಟ್ಟಿಗೆ ತಂದಳು. ಮೂವತ್ತಕ್ಕಿಂತ ಕಡಿಮೆಯಿದ್ದರೆ ಸೊನ್ನೆ, ಮೇಲಿದ್ದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ವಿಷ ಎನ್ನುವ ಅಂಕಿ. ಎಪ್ಪತ್ತು ದಾಟಿ ನಿಂತರೆ ಅಪಾಯ.

"ನೋಡಮ್ಮ" ಎಂದಳು ತಾಯಿಗೆ, "ಇದ್ರಲ್ಲಿ ಅಂಕಿ ಬಂದ್ರೆ ನಾನು ಭಾನುವಾರ ಒಬ್ಬಳೇ ವಾಪಸ್ ಹೋಗ್ತೀನಿ. ಸೊನ್ನೆ ಬಂದ್ರೆ ನೀನು ಸುಮ್ಮನೆ ಕಾರು ಹತ್ತಬೇಕು. ಒಪ್ಪಿಗೆನಾ?"

"ಒಪ್ಪಿಗೆ. ಆದ್ರೆ ಓದೋದು ನಾನು. ಇವನಲ್ಲ."

ಡೆಲ್ಬರ್ಟ್ ಪೆಟ್ಟಿಗೆಯನ್ನು ಮರ್ನಾ ಕೂರುವ ಜಾಗದಲ್ಲಿ, ಮೇಜಿನ ಮೇಲೆ, ಅಂಕಿ ಕಿಟಕಿಗೆ ಮುಖ ಮಾಡುವಂತೆ ನಿಲ್ಲಿಸಿದ. ಒಲೆ ಹಚ್ಚಲಿಲ್ಲ. ಕಿಟಕಿಗಳನ್ನು ಅವಳು ಮುಚ್ಚುವ ಹಾಗೆಯೇ ಮುಚ್ಚಿದ. ಮೇಲಿನ ಫ್ಯಾನು ಹಾಕಿ, ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಗೆ ಬಂದು ಬಾಗಿಲೆಳೆದ. ಐದಾಯಿತು. ಬಯಲಿನ ನಾಲ್ಕೂ ಕಡೆಯಿಂದ ಗುರುಗುಟ್ಟು ಎದ್ದಿತು. ಮರ್ನಾ ತನ್ನ ಜನರೇಟರಿನ ಗುಂಡಿ ತಾನೇ ಒತ್ತಿದಳು.

"ಮೊದಲು ಕೊಳವೆ ಮುಚ್ಚಿದ ಹಾಗೇ ಇರ್ಲಿ" ಎಂದ ಡೆಲ್ಬರ್ಟ್. "ಇಲ್ಲಾಂದ್ರೆ ಕಿಟಕಿ ಸಂದಿಂದ ಬಂದಿದ್ದು ಅಂತೀರ."

ಕಾದರು. ಮರ್ನಾ ಕನ್ನಡಕ ಹಾಕಿಕೊಂಡು, ಹೊರಗಿನಿಂದ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. "ಸೊನ್ನೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ "ಸೊನ್ನೆ." ಇಪ್ಪತ್ತು ನಿಮಿಷ ಕಳೆದರೂ ಸೊನ್ನೆಯೇ. ರೋಂಡಾ ಕೈಕಟ್ಟಿಕೊಂಡು ನಿಂತಳು. ಅವಳ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ದಣಿವಿತ್ತು.

ಡೆಲ್ಬರ್ಟ್ ಜನರೇಟರ್ ಆರಿಸಿ ಗಾಡಿಯಡಿಗೆ ಹೋದ. ಬೆನ್ನು ಈಗ ನಿಜವಾಗಿಯೂ ನೋಯುತ್ತಿತ್ತು. ಗಿಡಿದ ಬಟ್ಟೆಯನ್ನು ಎಳೆದು ತೆಗೆದ. ಅಂಕಿ ಬಾರದೆ ಹೋದರೆ ಮರ್ನಾ ಭಾನುವಾರ ಹೊರಟುಹೋಗುತ್ತಾಳೆ. ಬಂದರೆ, ಎರಡು ತಿಂಗಳು ಅವಳಿಗೆ ವಿಷ ಉಣಿಸಿದವನು ತಾನೆಂದು ಗಟ್ಟಿಯಾಗುತ್ತದೆ. ಬರಲಿ ಎಂದು ಅವನು ಬೇಡಿಕೊಂಡ. ಅದರಲ್ಲಿ ಒಂದು ಭಾಗ ಇನ್ನೂ ತನ್ನ ಲೆಕ್ಕ ಸರಿಯಾಗಲೆಂಬ ಆಸೆಯೇ ಎಂಬುದು ಗೊತ್ತಾಗಿ, ನೆಲಕ್ಕೆ ತಲೆಯಿಟ್ಟು ಒಂದು ಗಳಿಗೆ ಹಾಗೇ ಬಿದ್ದುಕೊಂಡ. ಆಮೇಲೆ ಈಚೆ ಬಂದು ಕೈಮಾಡಿದ. ಜನರೇಟರ್ ಮತ್ತೆ ಹೊತ್ತಿಕೊಂಡಿತು.

"ಏನಾದ್ರೂ ಬಂತಾ?" ಎಂದಳು ಐರಿಸ್.

"ತಾಳೇ, ಬಸ್ಸು ಈಗ ತಾನೇ ಹೊರಟಿದೆ" ಎಂದಳು ಮರ್ನಾ.

ಬೆಟ್ಟಗಳ ಮೇಲೆ ಬೆಳಕು ಕೆಂಪಾಗುತ್ತಿತ್ತು. ಪಕ್ಕದ ಗಾಡಿಯಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಮರ್ನಾ ಗಾಜಿನಿಂದ ಹಣೆ ತೆಗೆಯಲಿಲ್ಲ.

"ಮೂವತ್ತೆಂಟು" ಎಂದಳು.

ರೋಂಡಾ ಕೈಕಟ್ಟು ಬಿಟ್ಟು ಕಿಟಕಿಯ ಹತ್ತಿರ ಬಂದಳು. ತಾಯಿಯ ಭುಜದ ಮೇಲಿಂದ ಇಣುಕಿದಳು.

"ಅರವತ್ತೊಂದು. ರೋಂಡಾ, ಅದು ಅರವತ್ತೊಂದೇ ತಾನೆ? ನನ್ನ ಕಣ್ಣು ಸರಿ ಇದೆ ತಾನೆ?"

"ಸರಿ ಇದೆ ಅಮ್ಮ." ರೋಂಡಾ ತಾಯಿಯ ಭುಜ ಹಿಡಿದುಕೊಂಡಳು. "ಅರವತ್ತೊಂದೇ."

"ಡೆಲ್" ಎಂದಳು ಮರ್ನಾ, ತಿರುಗದೆ. "ಪೈಪು ಹೊಸದು ಹಾಕಿಸ್ತೀನಿ. ತೂತು ಮುಚ್ಚಿಸ್ತೀನಿ. ಬ್ಲೈದಿಂದ ಬೇರೆ ಯಾರನ್ನಾದ್ರೂ ಕರೆಸ್ತೀನಿ. ನೀನು ನನ್ನ ಮನೆಗೆ ಇಸ್ಪೀಟಾಡೋಕೆ ಬಾ, ಬೇಡ ಅನ್ನಲ್ಲ. ಯಾವಾಗಿಂದ ಅಂತ ನಾನು ಹೇಳ್ತೀನಿ. ನಿನ್ನ ಸಲಕರಣೆ ಪೆಟ್ಟಿಗೆ ಮಾತ್ರ ನನ್ನ ಹೊಸಿಲು ದಾಟಬಾರದು."

"ಆಗ್ಲಿ" ಎಂದ ಡೆಲ್ಬರ್ಟ್.

"ಈಗ ಎಷ್ಟಿದೆ ಅಂತ ನೀನೂ ನೋಡು ಬಾ."

ಅವನು ಹೋಗಿ ಅವರಿಬ್ಬರ ಹಿಂದೆ ನಿಂತು, ಗಾಜಿನ ಮೂಲಕ ನೋಡಿದ. ಐದೂ ಐವತ್ತೆರಡಕ್ಕೆ, ಮರ್ನಾ ದಿನಾ ಸಂಜೆ ಕೂರುವ ಜಾಗದಲ್ಲಿ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರ ಮೂವತ್ತೇಳು ಪಾಲು ಇತ್ತು.